ಭೂಪತಿಗೆ ಅಗಿದುಕೊಟ್ಟ ಕೊಬ್ಬರಿ

ಸಿಂಗಳೀಕ ಸಂವರ್ಧನಾ ಕೇಂದ್ರ,
ಹೊಸಕಾಡು
12-6-2003

ಅಪ್ಪನಿಗೆ,

ಕವರಿನ ಮೇಲಿನ ಅಕ್ಷರ ನೋಡಿಯೇ ಹರಿದುಹಾಕದಿದ್ದರೆ ಇಷ್ಟು ಮಾತ್ರ ಓದಿ. ಭೂಪತಿ ಬದುಕಿದ್ದಾನೆ. ನಾನೀಗ ಸಂಶೋಧನೆಗೆ ಸೇರಿರುವ ಕೇಂದ್ರದಲ್ಲೇ ಇದ್ದಾನೆ.

ಆರು ವರ್ಷದ ಹಿಂದೆ ಅರಣ್ಯ ಇಲಾಖೆಗೆ ಬರೆದು ಅವನನ್ನು ನಮ್ಮ ಮನೆಯಿಂದ ಹಿಡಿಸಿದವಳು ನಾನೇ. ಅದಕ್ಕೆ ಕ್ಷಮೆ ಕೇಳಲು ಈ ಕಾಗದ ಬರೆಯುತ್ತಿಲ್ಲ. ಕಾಡಿನಲ್ಲೇ ಬೆರಳೆಣಿಕೆಗೆ ಬಂದಿರುವ ಸಿಂಗಳೀಕವನ್ನು ನಾಟಕದ ಸಿಂಹಾಸನಕ್ಕೆ ಸರಪಳಿ ಹಾಕಿ ಕಟ್ಟಬಾರದೆಂದು ಅವತ್ತು ಹೇಳಿದ್ದೆ, ಇವತ್ತೂ ಹೇಳುತ್ತೇನೆ.

ಈಗ ನಿಮ್ಮಿಂದ ಒಂದು ವಿಷಯ ತಿಳಿಯಬೇಕಾಗಿದೆ. ಪಂಜರದಲ್ಲಿ ಬೆಳೆದ ಸಿಂಗಳೀಕಗಳ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತವೆ ಎಂಬುದು ನನ್ನ ಅಧ್ಯಯನ. ಇಲ್ಲಿ ಹುಟ್ಟಿದ ಪ್ರಾಣಿಗಳ ವಯಸ್ಸು ನಮಗೆ ಗೊತ್ತು, ಭೂಪತಿಯದು ಗೊತ್ತಿಲ್ಲ. ಅವನೇ ಎಲ್ಲರಿಗಿಂತ ಹಿರಿಯ. ನಾಲ್ಕು ತಿಂಗಳಿಂದ ಭೇದಿ ನಿಲ್ಲುತ್ತಿಲ್ಲ, ಬೆನ್ನಿನ ಮೂಳೆ ಎದ್ದು ಕಾಣುತ್ತಿದೆ. ಅವನು ನಿಮ್ಮ ಕೈಗೆ ಬಂದಾಗ ಎಷ್ಟು ದೊಡ್ಡವನಿದ್ದ, ಮರಿಯಾಗಿದ್ದಾಗ ಏನು ತಿನ್ನಿಸಿದಿರಿ, ಇದ್ದದ್ದನ್ನು ಇದ್ದಹಾಗೆ ಬರೆಯಿರಿ. ಅವನಿಗೆ ಔಷಧಿ ಹುಡುಕಲು ಅದರಿಂದ ದಾರಿಯಾಗಬಹುದು.

ಅನುಪಮಾ


ದಂಡಿನಶಿವರ
27-6-2003

ಅರಣ್ಯ ಇಲಾಖೆಯ ಪರಮಾಪ್ತೆಯಾದ ಅನುಪಮಾದೇವಿಯವರ ಸನ್ನಿಧಾನಕ್ಕೆ,

ಬದುಕಿದ್ದಾನೆಯೇ! ಆಹಾ! ಭಲೆ! ಈ ಒಂದು ಮಾತಿಗಾಗಿ ನಾನು ಆರು ವರ್ಷ ಕಿವಿ ತೆರೆದುಕೊಂಡು ಕುಳಿತಿದ್ದೆ. ಅದನ್ನು ಹೊತ್ತು ತರಲು ವಿಧಿಗೆ ನಿನ್ನ ಕೈಯೇ ಬೇಕಾಯಿತೇ!

ಪಡಸಾಲೆಯ ನಡುವೆ, ರಂಗದ ಮಧ್ಯಕ್ಕೆ ಬಂದವನಂತೆ ನಿಂತು ಓದಿದೆ. ನಿಮ್ಮವ್ವ ಕೆಂಚಮ್ಮ ಒಲೆಯ ಮುಂದಿದ್ದಳು. ಎರಡನೆಯ ಸಾಲಿಗೆ ನನ್ನ ಮಾತು ನಿಂತಿತು.

“ಮುಂದಕ್ಕೆ ಓದ್ರೀ. ಮಗ್ಳು ಹೆಂಗವ್ಳಂತೆ?” ಅಂದಳು.

“ಅದನ್ನ ಬರೆದಿಲ್ಲ ಕಣೇ. ಭೂಪತಿ ಸೊರಗವ್ನೆ ಅಂತ ಬರೆದವ್ಳೆ.”

“ಕೋತಿ ಸೊರಗಿದ್ದು ಬರೀತಾಳೆ, ತಾನು ಸೊರಗಿದ್ದು ಬರಿಯಾಕಿಲ್ಲ. ಥೇಟ್ ನಿಮ್ಮ ಮಗ್ಳೇ ಬುಡಿ!”

ಕೇಳು. ಪರದೆ ಏಳುತ್ತದೆ. ಸಾವಿರದ ಒಂಬೈನೂರ ಎಪ್ಪತ್ತಾರು, ಮಾಗಿಯ ಚಳಿ. ನಮ್ಮ ಕಂಪನಿ ಘಟ್ಟದ ಮೇಲೆ ಡೇರೆ ಹೂಡಿದೆ. ರಾಜಪಾರ್ಟು ಯಾರದು? ಈ ಜವರಪ್ಪನದು! ಮೈಕಿಲ್ಲದೆ ಕೊನೆಯ ಸಾಲಿನ ಮುದುಕಿಗೂ ಮುಟ್ಟುತ್ತಿದ್ದ ಶಾರೀರ! ನಿನಗಾಗ ಎಂಟೊಂಬತ್ತು ತಿಂಗಳು, ಬಣ್ಣದ ಪೆಟ್ಟಿಗೆಯ ಪಕ್ಕದಲ್ಲಿ ಜೋಲಿಯೊಳಗಿದ್ದೆ. ಬೇಟೆಗಾರನೊಬ್ಬ ಗೋಣಿಚೀಲ ತಂದು ಡೇರೆಯ ಬಾಗಿಲಲ್ಲಿ ಸುರಿದ. ಸತ್ತ ತಾಯಿ, ಅದರ ಎದೆಗೆ ಕಚ್ಚಿಕೊಂಡಿದ್ದ ಮರಿ. ಅಂಗೈಯಷ್ಟು ದೇಹ, ಇದ್ದಿಲಿನ ಬಣ್ಣ. ಮುಖದ ಸುತ್ತ ಸಿಂಹದ ಕೇಸರ ಆಮೇಲೆ ಬೆಳೆಯಿತು. ಅವತ್ತು ಇದ್ದದ್ದು ಎರಡು ಕಣ್ಣು ಮಾತ್ರ.

ಹಸುವಿನ ಹಾಲಿನಲ್ಲಿ ಬತ್ತಿ ಅದ್ದಿ ಕೊಟ್ಟರೆ ಕಕ್ಕಿತು. ಮೇಕೆಯ ಹಾಲನ್ನೂ ಕಕ್ಕಿತು. ಆಗ ನಾನು ಏನು ಮಾಡಿದೆ? ನಮ್ಮ ಸೀಮೆಯಲ್ಲಿ ಹಲ್ಲು ಬಾರದ ಕೂಸಿಗೂ ಹಲ್ಲು ಹೋದ ಮುದುಕರಿಗೂ ಮಾಡುವುದನ್ನೇ ಮಾಡಿದೆ. ನಮ್ಮ ಅಟ್ಟದಲ್ಲಿ ವರ್ಷವಿಡೀ ಒಣಗಿದ ಕೊಬ್ಬರಿಯನ್ನು ನುಣ್ಣಗೆ ಅಗಿದು, ಬೆರಳಲ್ಲಿ ತೆಗೆದು, ನಾಲಿಗೆಗೆ ಹಚ್ಚಿದೆ. ಚಪ್ಪರಿಸಿತು! ಅಂದಿನಿಂದ ಒಂದು ತುತ್ತು ನಿನಗೆ, ಒಂದು ತುತ್ತು ಅವನಿಗೆ. ನೀನು ಅವನ ಪಾಲಿಗೂ ಕೈ ಚಾಚುತ್ತಿದ್ದೆ ಎಂಬುದನ್ನು ನಿನ್ನ ಅಧ್ಯಯನದಲ್ಲಿ ಸೇರಿಸಿಕೋ.

ಈಗ ಅವನಿಗೆ ಇಪ್ಪತ್ತೇಳು. ಬರೆದುಕೋ. ಮನೆಗೆ ಫೋನು ಮಾಡಬೇಡ. ಶಿವರಾತ್ರಿಯ ನಾಟಕದಿಂದ ನನ್ನ ಶಾರೀರ ಕುಳಿತುಹೋಗಿದೆ. ಜೀವಮಾನವೆಲ್ಲ ಕಿರುಚಿದ ಗಂಟಲು, ಕೆಮ್ಮದೆ ಇನ್ನೇನು ಮಾಡೀತು! ನಿಮ್ಮವ್ವ ಮೆಣಸಿನ ಕಷಾಯ ಕುಡಿಸುತ್ತಿದ್ದಾಳೆ. ಫೋನಿನಲ್ಲಿ ಕೇಳುವ ಪಿಸುಮಾತನ್ನು ನನ್ನ ದನಿಯೆಂದು ನೀನು ತಿಳಿಯಬಾರದು. ಕಾಗದದಲ್ಲಿ ನಾನಿನ್ನೂ ರಾಜಪಾರ್ಟೇ.

ಸಿಂಹಾಸನ ಹೋದರೂ ಗತ್ತು ಹೋಗದ,
ಜವರಪ್ಪ


ಹೊಸಕಾಡು
16-7-2003

ಅಪ್ಪ,

ಕಾಗದ ತಲುಪಿತು. ನಾನು ಸೊರಗಿಲ್ಲ ಎಂದು ಅವ್ವನಿಗೆ ಹೇಳಿ.

ಕೊಬ್ಬರಿ ಅಗಿದು ಕೊಟ್ಟ ಸಂಗತಿಯನ್ನು ಮೂರು ಸಲ ಓದಿದೆ. ಯಾಕೆಂದರೆ ಅವನ ಮಾದರಿಯಲ್ಲಿ ಏನೋ ಒಂದು ವಿಚಿತ್ರ ಕಂಡಿತ್ತು. ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಕರುಳನ್ನು ಒಂದು ನಾಟಕ ಕಂಪನಿ ಅಂದುಕೊಳ್ಳಿ. ಹುಟ್ಟಿದಾಗ ರಂಗ ಬರಿದು. ತಾಯಿಯ ಹಾಲಿನ ಹಿಂದೆ ಒಬ್ಬಿಬ್ಬರು ಪಾತ್ರಧಾರಿಗಳು ಬರುತ್ತಾರೆ. ಹಣ್ಣು, ಎಲೆ, ಹುಳು ತಿನ್ನುವ ಪ್ರಾಯಕ್ಕೆ ಮೇಳ ತುಂಬುತ್ತದೆ. ನಾರು ಕರಗಿಸುವವರು, ಕೊಬ್ಬು ಒಡೆಯುವವರು, ಹೊರಗಿನ ಪುಂಡರನ್ನು ಒಳಗೆ ಬಿಡದೆ ಬಾಗಿಲು ಕಾಯುವವರು. ಮುಪ್ಪಿನಲ್ಲಿ ಒಬ್ಬೊಬ್ಬರೇ ಗಂಟು ಕಟ್ಟುತ್ತಾರೆ, ಖಾಲಿಯಾದ ಜಾಗದಲ್ಲಿ ಪುಂಡರು ಬಂದು ಕೂರುತ್ತಾರೆ. ಪಂಜರದ ಪ್ರಾಣಿಗಳಲ್ಲಿ ಮೇಳ ಮೊದಲೇ ಚಿಕ್ಕದು, ಯಾಕೆಂದರೆ ಕಾಡಿನ ಊಟವಿಲ್ಲ.

ಮಲದಿಂದ ಈ ಜೀವಿಗಳ ವಂಶದ ಗುರುತು ತೆಗೆದು ಗಾಜಿನ ಫಲಕದ ಮೇಲೆ ಪಟ್ಟೆಗಳಾಗಿ ಮೂಡಿಸುತ್ತೇವೆ. ಒಂದೊಂದು ಪಟ್ಟೆಗೆ ಒಂದೊಂದು ಬಳಗ. ಮರಿಗಳಲ್ಲಿ ಪಟ್ಟೆ ಕಡಿಮೆ, ಪ್ರಾಯದವುಗಳಲ್ಲಿ ಒತ್ತೊತ್ತಾಗಿ ತುಂಬಿರುತ್ತವೆ, ಮುದಿಯವುಗಳಲ್ಲಿ ಮತ್ತೆ ತೆಳುವಾಗುತ್ತವೆ. ಭೂಪತಿಯಲ್ಲಿ ಉಳಿದಿರುವುದು ನಾಲ್ಕಾರು ಮಾತ್ರ, ಮತ್ತು ಅವು ಬೇರೆ ಸಿಂಗಳೀಕಗಳ ಪಟ್ಟೆಗಳ ಹಾಗಿಲ್ಲ.

ಕೋಪ ಮಾಡಿಕೊಳ್ಳಬೇಡಿ. ಈ ಕಾಗದದ ಜೊತೆ ಪಾರ್ಸಲಿನಲ್ಲಿ ಒಂದು ಚಿಕ್ಕ ಬಾಟಲಿ ಬರುತ್ತದೆ. ಅದರೊಳಗಿನ ದ್ರವ ಚೆಲ್ಲಬೇಡಿ. ನಿಮ್ಮ ಮಲದ ಒಂದು ಕಡಲೆಕಾಯಿಯಷ್ಟನ್ನು ಅದರಲ್ಲಿ ಹಾಕಿ ವಾಪಸು ಕಳಿಸಬೇಕು. ಅವನ ಮೇಳ ಎಲ್ಲಿಂದ ಬಂದದ್ದೆಂದು ನೋಡಬೇಕು.

ಅನುಪಮಾ


ದಂಡಿನಶಿವರ
9-8-2003

ಹೆತ್ತ ತಂದೆಯ ಮಲವನ್ನು ಕಾಣಿಕೆಯಾಗಿ ಬೇಡಿದ ಮಹಾರಾಣಿಗೆ,

ಏನಿದು! ಏನಿದು ಕಾಲ! ಯಾವ ಪುರಾಣದಲ್ಲಿದೆ, ಯಾವ ಮಗಳು ಕೇಳಿದ್ದಾಳೆ? ಪೋಸ್ಟಿನವನು ಬಾಟಲಿಯ ಪೊಟ್ಟಣ ಕೊಟ್ಟಾಗ ನಮ್ಮ ಹಾರ್ಮೋನಿಯಂ ಮೇಷ್ಟ್ರು ಹುಚ್ಚರಂಗಯ್ಯ ಜಗಲಿಯಲ್ಲಿದ್ದ.

“ನೋಡ್ಲಾ, ಮಗ್ಳು ಗಂಟ್ಲಿಗೆ ಔಷಧಿ ಕಳಿಸವ್ಳೆ. ಕುಡುದ್ಬುಡು,” ಅಂದ. ಮುಚ್ಚಳವನ್ನೂ ಬಿಚ್ಚಿದ!

ನಾನು ಕಾಗದ ಓದಿ ಹೇಳಿದೆ. ಅವನು ಕಂಬ ಹಿಡಿದುಕೊಂಡು ನಕ್ಕ ನಗೆಗೆ ತೋಟದಲ್ಲಿ ಕಾಯಿ ಕೆಡವುತ್ತಿದ್ದವರು ಮರದ ಮೇಲಿಂದಲೇ “ಏನಾಯ್ತು?” ಎಂದು ಕೂಗಿದರು. ಈ ವರ್ಷ ನುಸಿಪೀಡೆಗೆ ಕಾಯಿಗಳು ನಿಂಬೆಹಣ್ಣಾಗಿವೆ, ಅವರಿಗೂ ನಗಲು ಒಂದು ನೆಪ ಬೇಕಿತ್ತು.

“ರಾಜಪಾರ್ಟಿನ ಜವರಪ್ಪಂದು ಏನೇನೋ ಸರ್ಕಾರಕ್ಕೆ ಸೇರ್ತು, ಇನ್ನು ಇದೊಂದು ಬಾಕಿ ಇತ್ತು ಕಣಪ್ಪ!” ಅಂದ ಆ ಪಾಪಿ.

ಕೊಡುವುದಿಲ್ಲ ಎಂದು ಗರ್ಜಿಸಿದೆ. ಗರ್ಜಿಸಿದೆ ಎಂದರೆ ಕೆಮ್ಮಿದೆ. ನಿಮ್ಮವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಒಂದೇ ಮಾತು ಆಡಿದಳು.

“ಆರು ವರ್ಷಕ್ಕೆ ಮಗ್ಳು ಒಂದು ಕೇಳವ್ಳೆ. ಅದೂ ದುಡ್ಡಲ್ಲ ಕಾಸಲ್ಲ. ಕೊಡಾಕೇನ್ರೀ ನಿಮ್ಗೆ?”

ಕೊಟ್ಟಿದ್ದೇನೆ. ಪಾರ್ಸಲ್ ಬರುತ್ತಿದೆ. ಆದರೆ ಬಿಟ್ಟಿಯಾಗಿ ಅಲ್ಲ! ನನ್ನ ಷರತ್ತು ಕೇಳು. ನಾನು ಭೂಪತಿಯನ್ನು ನೋಡಬೇಕು. ಬೇಲಿಯಾಚೆ ಟಿಕೇಟು ತೆಗೆದು ನಿಂತವರ ಗುಂಪಿನಲ್ಲಲ್ಲ. ಹತ್ತಿರದಿಂದ, ಮುಖಕ್ಕೆ ಮುಖ.

ಮಾನ ಮುಚ್ಚಿ ಪೊಟ್ಟಣ ಕಟ್ಟಿದ,
ಜವರಪ್ಪ


ಹೊಸಕಾಡು
20-10-2003

ಅಪ್ಪ,

ಫಲಿತಾಂಶ ಬಂತು. ಫಲಕದ ಮೇಲೆ ನಿಮ್ಮ ಸಾಲನ್ನೂ ಭೂಪತಿಯ ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅವನಲ್ಲಿ ಉಳಿದಿರುವ ನಾಲ್ಕಾರು ಪಟ್ಟೆಗಳಲ್ಲಿ ಹೆಚ್ಚಿನವು ನಿಮ್ಮಲ್ಲಿವೆ. ಇಲ್ಲಿನ ಬೇರೆ ಯಾವ ಸಿಂಗಳೀಕದಲ್ಲೂ ಇಲ್ಲ. ನನ್ನ ಮಾದರಿಯನ್ನೂ ಹಾಕಿ ನೋಡಿದೆ. ಅದರ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ಭೂಪತಿ ಊಟ ಬಿಟ್ಟಿದ್ದಾನೆ. ಬಾಳೆಹಣ್ಣು, ಮೊಳಕೆಕಾಳು, ಮೊಟ್ಟೆ, ಯಾವುದನ್ನೂ ಮುಟ್ಟುತ್ತಿಲ್ಲ. ಅವನನ್ನು ನೋಡಿಕೊಳ್ಳುವ ಸಣ್ಣತಿಮ್ಮಯ್ಯ ನಮ್ಮ ಮಾಯಸಂದ್ರದ ಕಡೆಯವರು. “ಅಮ್ಮಾವ್ರೇ, ಇದು ಕಾಯಿಲೆ ಅಲ್ಲ ಕಣ್ರೀ, ಬ್ಯಾಸರ,” ಅನ್ನುತ್ತಾರೆ. ನಾನು ನಂಬುವುದಿಲ್ಲ, ಆದರೂ ನಿಮ್ಮ ಷರತ್ತನ್ನು ಮತ್ತೆ ತೆಗೆದು ಓದಿದೆ.

ಹೊರಗಿನವರು ಪಂಜರದ ಒಳಾವರಣಕ್ಕೆ ಬರಬೇಕಾದರೆ ಎದೆಯ ಎಕ್ಸ್‌ರೇ, ಕಫದ ಪರೀಕ್ಷೆ ಆಗಬೇಕು, ನಿರ್ದೇಶಕರ ಒಪ್ಪಿಗೆ ಬೇಕು. ಮನುಷ್ಯರ ರೋಗ ಇವಕ್ಕೆ ಬೇಗ ಅಂಟುತ್ತದೆ. ಅದೆಲ್ಲ ಮುಗಿಯುವ ಹೊತ್ತಿಗೆ ಭೂಪತಿ ಇರುವುದಿಲ್ಲ. ನಿರ್ದೇಶಕರು ಮುಂದಿನ ತಿಂಗಳ ಮೊದಲ ವಾರ ದೆಹಲಿಯಲ್ಲಿರುತ್ತಾರೆ. ತಿಪಟೂರಿನಲ್ಲಿ ರೈಲು ಹತ್ತಿ ಬನ್ನಿ. ನಾನು ಸ್ಟೇಷನ್ನಿಗೆ ಬರುತ್ತೇನೆ.

ಅನುಪಮಾ


ದಂಡಿನಶಿವರ
18-11-2003

ಮಗಳೇ,

ಬಿರುದು ಬಾವಲಿ ಎಲ್ಲ ಬಿಟ್ಟು ಮಗಳೇ ಎಂದೇ ಬರೆದಿದ್ದೇನೆ, ಗಮನಿಸು.

ಊರಿಗೆ ಬಂದ ಮೇಲೆ ಆ ದೃಶ್ಯವನ್ನು ಎಷ್ಟು ಜನರ ಮುಂದೆ ಆಡಿ ತೋರಿಸಿದೆನೋ! ದಂಡಿನಶಿವರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪ್ರದರ್ಶನ, ತುರುವೇಕೆರೆಯ ಕ್ಷೌರದಂಗಡಿಯಲ್ಲಿ ಒಂದು ಪ್ರದರ್ಶನ. ನೀನು ಪಕ್ಕದಲ್ಲೇ ನಿಂತಿದ್ದೆ, ಆದರೂ ನನ್ನ ಬಾಯಿಂದ ಕೇಳು.

ಕಬ್ಬಿಣದ ಬಾಗಿಲು. ಒಳಗೆ ಮೂಲೆಯಲ್ಲಿ ಒಂದು ಕರಿಯ ಗಂಟು. ಇದು ನನ್ನ ಭೂಪತಿಯೇ? ಸಿಂಹಾಸನದ ಕೆಳಗೆ ಎದೆ ಸೆಟೆದು ಕೂತರೆ ಮುಂದಿನ ಸಾಲಿನ ಮಕ್ಕಳು ಅಪ್ಪಂದಿರ ತೊಡೆ ಏರುತ್ತಿದ್ದರಲ್ಲ, ಅವನೇ? ಕೇಸರ ಬೂದಿಯಾಗಿದೆ. ಬಾಲದ ತುದಿಯ ಕುಚ್ಚು ಉದುರಿದೆ. ನಾನು ರಾಜಪ್ರವೇಶದ ಪದ ಎತ್ತಿಕೊಂಡೆ. ಶಾರೀರ ಎಲ್ಲಿದೆ! ಗಾಳಿ ಬಂತು, ಉಸಿರು ಬಂತು, ಪದ ಬರಲಿಲ್ಲ. ಸಣ್ಣತಿಮ್ಮಯ್ಯ ಮುಖ ಆ ಕಡೆ ಮಾಡಿಕೊಂಡ.

ಆದರೆ ಅವನು ತಲೆ ಎತ್ತಿದ! ಎದ್ದ. ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದು ಸರಳಿನ ನಡುವೆ ಕೈ ತೂರಿಸಿ ನನ್ನ ಮೀಸೆಯನ್ನು ಹಿಡಿದ. ಆರು ವರ್ಷ, ಅನು! ಮೀಸೆ ಬೆಳ್ಳಗಾಗಿದೆ, ಬಣ್ಣ ಕಟ್ಟಿಲ್ಲ, ಕಿರೀಟವಿಲ್ಲ. ಆದರೂ ಹಿಡಿದ!

ಜೇಬಿನಲ್ಲಿ ಕೊಬ್ಬರಿಯಿತ್ತು. ಅವನ ಬಾಯಲ್ಲಿ ಎಷ್ಟು ಹಲ್ಲು ಉಳಿದಿವೆಯೆಂದು ನೀನೇ ಹೇಳಿದ್ದೆ. ನಾನು ಅಗಿದೆ. ಹಿಂದಿನಂತೆಯೇ ನುಣ್ಣಗೆ ಅಗಿದು ಬೆರಳಲ್ಲಿ ಕೊಟ್ಟೆ. ನೀನು ಆಗ ಕಿಟಕಿಯ ಕಡೆ ತಿರುಗಿ ನಿಂತಿದ್ದೆ. ತಿಂದ. ಇನ್ನೊಂದಕ್ಕೆ ತುಟಿ ಚಾಚಿದ. ಪಕ್ಕದ ಪಂಜರದ ತಾಯಿಯ ಹೊಟ್ಟೆಗೆ ಕಚ್ಚಿಕೊಂಡಿದ್ದ ಆ ಪುಟ್ಟ ಮರಿಯೂ ಜಾಲರಿಯಲ್ಲಿ ಕೈ ತೂರಿಸಿತಲ್ಲ, ಕಳ್ಳ! ಅದಕ್ಕೂ ಒಂದು ಚೂರು ಕೊಟ್ಟೆ.

ಬರುವಾಗ ರೈಲಿನಲ್ಲಿ ಕಿಟಕಿಗೆ ತಲೆಯಿಟ್ಟು ಅತ್ತೆ. ಪಕ್ಕದವನು “ಯಾಕ್ ಯಜಮಾನ್ರೇ, ಮಗ್ಳನ್ನ ಗಂಡನ ಮನೆಗೆ ಬಿಟ್ಬಂದ್ರಾ?” ಅಂದ. ಹೌದೆಂದೆ.

ಅವನು ತಿನ್ನುತ್ತಿದ್ದಾನೆಯೇ? ಒಂದು ಸಾಲು ಬರೆ.

ಗೆದ್ದುಬಂದ,
ಜವರಪ್ಪ


ಹೊಸಕಾಡು
24-12-2003

ಅಪ್ಪ,

ತಿನ್ನುತ್ತಿದ್ದಾನೆ! ನೀವು ಹೋದ ಮಾರನೆಯ ದಿನದಿಂದ. ತೂಕ ಸ್ವಲ್ಪ ಏರಿದೆ, ಭೇದಿ ನಿಂತಿದೆ. ಸಣ್ಣತಿಮ್ಮಯ್ಯ ದಿನಾ ಬೆಳಿಗ್ಗೆ ಹಲ್ಲು ಬಿಟ್ಟುಕೊಂಡು ನನ್ನ ಎದುರು ನಿಲ್ಲುತ್ತಾರೆ.

ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಅವನ ಹೊಸ ಮಾದರಿಯಲ್ಲಿ ಪಟ್ಟೆಗಳು ಹೆಚ್ಚಾಗಿವೆ. ಕೇಂದ್ರದ ಹಳೆಯ ಮಾದರಿಗಳಲ್ಲಿದ್ದ, ಕೊಬ್ಬು ಒಡೆಯುವ ಬಳಗವೊಂದು ಎರಡು ವರ್ಷದಿಂದ ಕಾಣೆಯಾಗಿತ್ತು, ಮರಳಿ ಬಂದಿದೆ. ಹೋದ ಪಾತ್ರಧಾರಿಗಳನ್ನು ಮುಪ್ಪಿನಲ್ಲೂ ವಾಪಸು ಕರೆತರಬಹುದು ಎಂದಾದರೆ ಇದರ ಅರ್ಥ ಏನು ಗೊತ್ತೇ? ಪ್ರಪಂಚದ ಪಂಜರಗಳಲ್ಲಿ ಮುದಿಯಾಗುತ್ತಿರುವ ಎಲ್ಲ ಸಿಂಗಳೀಕಗಳಿಗೂ ಇದು ದಾರಿ. ಒಂದೇ ಪ್ರಾಣಿಯ ಮೇಲೆ ಇಷ್ಟು ಹೇಳಬಾರದು, ಆದರೂ ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಕಿಟಕಿಯ ಕಡೆ ತಿರುಗಿದ್ದೆ ಎಂದು ಬರೆದಿದ್ದೀರಿ. ಗಾಜಿನಲ್ಲಿ ಎಲ್ಲ ಕಾಣುತ್ತಿತ್ತು.

ನನ್ನ ಮಾದರಿಯ ವಿಷಯ ಬಾಕಿ ಇತ್ತಲ್ಲ, ಅದರಲ್ಲೂ ನಿಮ್ಮ ಪಟ್ಟೆಗಳೇ ಇವೆ. ಸಂಕ್ರಾಂತಿ ಕಳೆದ ಮೇಲೆ ಇನ್ನೊಮ್ಮೆ ಬನ್ನಿ. ಕೊಬ್ಬರಿ ತನ್ನಿ. ನನ್ನ ಪಾಲಿನದೂ.

ನಿಮ್ಮ ಅನು


ದಂಡಿನಶಿವರ
10-2-2004

ಮಗಳೇ,

ಎರಡನೆಯ ಪ್ರಯಾಣದ ಆಯಾಸ ಇನ್ನೂ ಇಳಿದಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ಪಂಚೆ ಸೊಂಟದಲ್ಲಿ ನಿಲ್ಲುತ್ತಿಲ್ಲ. “ಆ ಕೋತಿ ದಪ್ಪಗಾಗ್ಲಿ ಅಂತ ನೀವು ಸಣ್ಣಗಾಯ್ತಾ ಇದೀರಾ,” ಎಂದು ನಿಮ್ಮವ್ವ ರೇಗುತ್ತಾಳೆ.

ಈ ಸಲ ಅವನು ಅಷ್ಟು ಚುರುಕಾಗಿರಲಿಲ್ಲ, ಅಲ್ಲವೇ? ತುತ್ತು ತೆಗೆದುಕೊಂಡ, ಆದರೆ ನುಂಗದೆ ಕೆನ್ನೆಯ ಚೀಲದಲ್ಲಿ ಇಟ್ಟುಕೊಂಡ. ಚಳಿಗೆ ಇರಬೇಕು. ಆ ಪುಟ್ಟ ಮರಿ ಕಾಣಲಿಲ್ಲ. ಕೇಳಿದರೆ ನೀನು “ಒಳಗಿದೆ,” ಅಂದೆ.

ಹೇಗಿದ್ದಾರೆ ಇಬ್ಬರೂ? ಬೇಗ ಬರೆ.

ದನಿಗೆ ಕಾಯುತ್ತಿರುವ,
ಜವರಪ್ಪ


ಹೊಸಕಾಡು
11-3-2004

ಅಪ್ಪ,

ನಾಳೆಯೇ ತಿಪಟೂರಿಗೆ ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಮಾಡಿಸಿ. ಎದೆಯ ಎಕ್ಸ್‌ರೇ ತೆಗೆಸಿ. ಅವ್ವನನ್ನೂ ಕರೆದುಕೊಂಡು ಹೋಗಿ. ಹುಚ್ಚರಂಗಯ್ಯ ಮಾಮನಿಗೂ ಹೇಳಿ. ಯಾರಿಗೂ ಏನನ್ನೂ ಅಗಿದು ಕೊಡಬೇಡಿ. ಯಾಕೆಂದು ಈಗ ಕೇಳಬೇಡಿ.

ಇಲ್ಲಿಗೆ ಬರಬೇಡಿ.

ಅನುಪಮಾ


ದಂಡಿನಶಿವರ
29-3-2004

ಆಜ್ಞಾಪಿಸುವ ಮಗಳಿಗೆ,

ಆಜ್ಞೆ ಪಾಲಿಸಿದೆ. ಡಬ್ಬಿಯಲ್ಲಿ ಉಗಿದೆ, ಯಂತ್ರದ ಮುಂದೆ ಎದೆಯೊಡ್ಡಿ ನಿಂತೆ. ಕಂಪೌಂಡರು “ಉಸಿರು ಹಿಡ್ಕಳಿ ಯಜಮಾನ್ರೇ,” ಅಂದ. ನಾನು ಹಿಡಿದ ಉಸಿರಿನಲ್ಲಿ ಒಂದು ಕಂದಪದ್ಯ ಪೂರ್ತಿ ಹೇಳುತ್ತಿದ್ದವನಪ್ಪ ಅಂದೆ, ಅಷ್ಟಕ್ಕೇ ಕೆಮ್ಮು ಬಂದು ಎಕ್ಸ್‌ರೇ ಇನ್ನೊಂದು ಸಲ ತೆಗೆಯಬೇಕಾಯಿತು.

ಕ್ಷಯ ಎಂದರು. ಅದರಲ್ಲೇನು? ಹಿಂದಿನ ಕಾಲದಲ್ಲಿ ಕ್ಷಯವೆಂದರೆ ಮಂಗಳಾರತಿ, ಈಗ ಮಾತ್ರೆ. ಊರಿನ ಅಂಗನವಾಡಿಯ ಕಲ್ಲಮ್ಮ ದಿನ ಬಿಟ್ಟು ದಿನ ಮನೆಗೆ ಬಂದು ತನ್ನ ಕಣ್ಣೆದುರೇ ನುಂಗಿಸುತ್ತಾಳೆ. ಆರು ತಿಂಗಳಿಗೆ ಗುಣವಂತೆ. ದನಿಯೂ ಸ್ವಲ್ಪ ಮರಳೀತಂತೆ! ನಿಮ್ಮವ್ವನಿಗೂ ಮೇಷ್ಟ್ರಿಗೂ ಏನೂ ಇಲ್ಲ.

ಇಷ್ಟನ್ನು ನಗುತ್ತ ಬರೆದೆ. ಈಗ ಕೇಳುತ್ತೇನೆ, ನನ್ನ ಎದೆಯೊಳಗಿನದು ನಿನಗೆ ಅಲ್ಲಿ ಕುಳಿತು ಹೇಗೆ ತಿಳಿಯಿತು? ಭೂಪತಿಯ ಸುದ್ದಿ ಒಂದಕ್ಷರ ಬರೆದಿಲ್ಲ. ಮರಿಯ ಸುದ್ದಿ ಬರೆದಿಲ್ಲ.

ಬರೆ.

ಜವರಪ್ಪ


ಹೊಸಕಾಡು
2-5-2004

ಅಪ್ಪ,

ಎಷ್ಟು ಸಲ ಬರೆದು ಹರಿದೆನೋ. ಇದನ್ನು ಹರಿಯುವುದಿಲ್ಲ.

ಜನವರಿಯಲ್ಲಿ ನೀವು ಬಂದಾಗ ಮರಿ ಒಳಗಿತ್ತು ಎಂದೆ. ಚಿಕಿತ್ಸೆಯ ಕೋಣೆಯಲ್ಲಿತ್ತು. ಫೆಬ್ರವರಿ ಕೊನೆಗೆ ಸತ್ತಿತು. ಕೊಯ್ದು ನೋಡಿದಾಗ ಕರುಳಿನ ತುಂಬ ಕ್ಷಯದ ಗಂಟುಗಳು. ಆಮೇಲೆ ಎಲ್ಲ ಪ್ರಾಣಿಗಳ ಕಣ್ಣಿನ ರೆಪ್ಪೆಗೆ ಸೂಜಿಮದ್ದು ಚುಚ್ಚಿ ಕಾದರು. ರೋಗವಿದ್ದರೆ ರೆಪ್ಪೆ ಊದುತ್ತದೆ. ಭೂಪತಿಯ ರೆಪ್ಪೆ ಊದಿತು. ಮರಿಯ ತಾಯಿಯದೂ ಊದಿತು, ಅದಕ್ಕೆ ಮರಿಯಿಂದ ಅಂಟಿರಬೇಕು. ಪ್ರಾಯದ ಬೇರೆ ಯಾವುದಕ್ಕೂ ಆಗಲಿಲ್ಲ. ಎಳೆಯದರಲ್ಲಿ ಬಾಗಿಲು ಕಾಯುವವರು ಇನ್ನೂ ಬಂದಿರಲಿಲ್ಲ, ಮುದಿಯದರಲ್ಲಿ ಬಿಟ್ಟುಹೋಗಿದ್ದರು ಎಂದು ನನ್ನ ಅಂದಾಜು. ಅಂದಾಜು ಮಾತ್ರ. ಅವೆರಡಕ್ಕೇ ತುತ್ತು ಸಿಕ್ಕಿತ್ತು ಎಂಬುದು ಅಂದಾಜಲ್ಲ.

ಫಲಕದ ಮೇಲೆ ಪಟ್ಟೆಗಳು ಹೆಚ್ಚಿದ್ದು ನಿಜ. ಅದನ್ನು ಕಂಡು ಕುಣಿದೆ. ಅದೇ ತುತ್ತಿನಲ್ಲಿ ಇನ್ನೊಂದೂ ಹೋಗಿತ್ತು, ಅದು ನನ್ನ ಫಲಕದ ಮೇಲೆ ಮೂಡುವಂಥದ್ದಲ್ಲ. ಕೊಬ್ಬರಿ ತನ್ನಿ ಎಂದು ಎರಡನೆಯ ಸಲ ಕರೆದವಳು ನಾನು.

ಎಲ್ಲಿಂದ ಬಂತೆಂದು ಸಮಿತಿ ಕೇಳಿತು. ಹೇಳಿದೆ. ಸಣ್ಣತಿಮ್ಮಯ್ಯನ ತಪ್ಪಿಲ್ಲವೆಂದೂ ಹೇಳಿದೆ. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ, ಜೂನ್ ಕೊನೆಗೆ ಕೊಠಡಿ ಬಿಡಬೇಕು.

ಅವನಿಗೆ ಮಾತ್ರೆ ಕೊಡಿ, ಆರು ತಿಂಗಳು ನಾನೇ ನುಂಗಿಸುತ್ತೇನೆ ಎಂದು ಬೇಡಿದೆ. ಒಪ್ಪಲಿಲ್ಲ. ಒಂದು ದಿನ ಮಾತ್ರೆ ಉಗಿದರೂ ರೋಗ ಗಟ್ಟಿಯಾಗುತ್ತದೆ, ಆಮೇಲೆ ಉಳಿದ ಇಡೀ ಗುಂಪಿಗೆ ಅಪಾಯ. ಮುದಿಯನೊಬ್ಬನಿಗಾಗಿ ಮರಿ ಹಾಕುವ ಹೆಣ್ಣುಗಳನ್ನು ಕಳೆದುಕೊಳ್ಳಲಾಗದು ಎಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಅದೇ ನನಗೆ ತಡೆಯಲಾಗುತ್ತಿಲ್ಲ.

ಏಪ್ರಿಲ್ ಇಪ್ಪತ್ತಾರರ ಬೆಳಿಗ್ಗೆ ಇಬ್ಬರಿಗೂ ಮತ್ತೆ ಏಳದ ಹಾಗೆ ಸೂಜಿ ಕೊಟ್ಟರು. ಮೊದಲು ತಾಯಿಗೆ. ನಾನು ಭೂಪತಿಯ ಕೈ ಹಿಡಿದುಕೊಂಡಿದ್ದೆ. ಕೈಗವಸು ಹಾಕಿದ್ದೆ, ಮುಖ ಮುಚ್ಚಿಕೊಂಡಿದ್ದೆ. ಅವನು ಕೈಗವಸನ್ನು ಮೂಸಿ ನೋಡಿ ಬಾಗಿಲ ಕಡೆ ತಿರುಗಿಕೊಂಡ. ನಿಮಗೆ ಮೊದಲೇ ತಿಳಿಸಿದ್ದರೆ ನೀವು ಬಂದೇ ಬರುತ್ತಿದ್ದಿರಿ. ಒಳಗೆ ಬಿಡುತ್ತಿರಲಿಲ್ಲ. ಗೇಟಿನ ಹೊರಗೆ ನೀವು ನಿಂತಿರುವುದನ್ನು ನಾನು ನೋಡಲಾರದೆ ಬರೆಯಲಿಲ್ಲ.

ಅನುಪಮಾ


ದಂಡಿನಶಿವರ
5-6-2004

ಅನು,

ಇದು ಹುಚ್ಚರಂಗಯ್ಯನ ಕೈಬರಹ. ಆಡುವವಳು ನಿಮ್ಮವ್ವ. ಅವಳು ಹೇಳಿದ ಹಾಗೇ ಬರೆಯುತ್ತೇನೆ, ತಿದ್ದಬಾರದು ಅಂದಿದ್ದಾಳೆ.

“ನಿನ್ ಕಾಗ್ದ ಬಂದಾಗಿನಿಂದ ನಿಮ್ಮಪ್ಪ ಮಾತಾಡಿಲ್ಲ ಕಣೇ. ಗಂಟ್ಲು ಹೋಗಿದ್ದಕ್ಕಲ್ಲ. ಬಣ್ಣದ ಪೆಟ್ಗೆ, ಕಿರೀಟ, ಎಲ್ಲ ಹೊತ್ಕಂಡೋಗಿ ಕೆಂಕೆರೆ ಮೇಳದವರಿಗೆ ಕೊಟ್ಬಂದ್ರು. ನಾನು ಅತ್ಕಂಡು ಕುಂತಿದ್ರೆ, ಅಳು ಯಾಕೆ ಅಂತಾನೂ ಕೇಳ್ಲಿಲ್ಲ.

ಅದು ಹೋಗ್ಲಿ ಬುಡು. ಮಾತ್ರೆ ನುಂಗ್ತಾ ಇಲ್ಲ. ಕಲ್ಲಮ್ಮ ಮುಂದೆ ನಿಂತ್ಕಂಡು ಬಾಯಿಗೆ ಹಾಕ್ಸಿ, ನೀರು ಕುಡ್ಸಿ, ಬಾಯಿ ತೆಗೀರಿ ಅಂತ ನೋಡಿ ಹೋಯ್ತಾಳೆ. ಅವ್ಳು ಓಣಿ ತಿರುಗ್ದೇಟಿಗೆ ಇವ್ರು ತಿಪ್ಪೇಲಿ ಉಗೀತಾರೆ. ಥೇಟ್ ಆ ಕೋತಿ ಥರಾನೇ ದವಡೇಲಿ ಮಡಿಕ್ಕಂಡಿರ್ತಾರೆ. ಮೊನ್ನೆ ತಿಪ್ಪೇಲಿ ಕೋಳಿ ಕೆದರ್ತಿದ್ದಾಗ ಕಂಡೆ. ಕೇಳಿದ್ಕೆ ಸ್ಲೇಟು ತಗಂಡು ಬರೆದ್ರು. ಮೇಷ್ಟ್ರು ಓದಿ ಹೇಳಿದ್ರು. ‘ಅವನಿಗೆ ಕೊಡದ ಔಷಧಿ ನನಗೆ ಬೇಡ.’

ನಾನೇನ್ ಮಾಡ್ಲಿ? ಆ ಕೋತಿಗೆ ನಾನೂ ಬತ್ತಿ ಅದ್ದಿ ಹಾಲು ಹಾಕಿದೀನಿ. ನಂಗೂ ಸಂಕಟ ಐತೆ. ಆದ್ರೆ ನಂಗೆ ಗಂಡ ಬೇಕು ಕಣೇ.”

ಇಷ್ಟೇ ಅವಳು ಹೇಳಿದ್ದು. ನನ್ನದೊಂದು ಮಾತು ಸೇರಿಸುತ್ತೇನೆ. ಕೆಮ್ಮಿದರೆ ರಕ್ತ ಬೀಳುತ್ತಿದೆ. ತಡ ಮಾಡಬೇಡ.

ಹುಚ್ಚರಂಗಯ್ಯ


ಹೊಸಕಾಡು
14-6-2004

ಅಪ್ಪ,

ಅವ್ವ ಬರೆಸಿದ ಕಾಗದ ಬಂತು. ನಾನು ಅಳುತ್ತ ಬರೆಯುತ್ತಿಲ್ಲ, ನೀವು ಕರಗಲೆಂದೂ ಬರೆಯುತ್ತಿಲ್ಲ.

ಕೇಂದ್ರದಲ್ಲಿ ಕೆಲಸ ಮಾಡಿದವರನ್ನೆಲ್ಲ ಪರೀಕ್ಷಿಸಿದರು. ಸಣ್ಣತಿಮ್ಮಯ್ಯ ಪಾರು. ನನಗೆ ಬಂದಿದೆ. ಎಡಗಡೆಯ ಎದೆಯಲ್ಲಿ, ಇನ್ನೂ ಚಿಕ್ಕದು. ನಿಮಗೆ ಕೊಟ್ಟಿರುವ ಮಾತ್ರೆಗಳನ್ನೇ ನನಗೂ ಕೊಟ್ಟಿದ್ದಾರೆ, ಅದೇ ಬಣ್ಣದವು. ಮೇಜಿನ ಮೇಲಿವೆ. ಇನ್ನೂ ಶುರು ಮಾಡಿಲ್ಲ.

ನಿಮ್ಮ ನ್ಯಾಯ ನನಗೆ ಅರ್ಥವಾಗುತ್ತದೆ. ಅವನಿಗೆ ಸಿಗದದ್ದು ನಿಮಗೆ ಬೇಡ. ಹಾಗಾದರೆ ನನಗೂ ಬೇಡ. ನೀವು ಅಗಿದುಕೊಟ್ಟಿರಿ, ಬಾಗಿಲು ತೆರೆದವಳು ನಾನು. ನೀವು ಉಗಿದ ದಿನ ನಾನೂ ಉಗಿಯುತ್ತೇನೆ, ನೀವು ನುಂಗಿದ ದಿನ ನುಂಗುತ್ತೇನೆ. ಕಲ್ಲಮ್ಮನಿಗೆ ಮೋಸ ಮಾಡಿದಂತೆ ನನಗೆ ಮಾಡಬಹುದು. ನಾನು ದೂರದಲ್ಲಿದ್ದೇನೆ, ನನಗೆ ಕಾಣುವುದಿಲ್ಲ. ನೀವು ಬರೆದದ್ದನ್ನು ನಂಬುತ್ತೇನೆ.

ಒಂದು ಕಾರ್ಡು ಬರೆಯಿರಿ. ಅದು ಬರುವವರೆಗೆ ಮಾತ್ರೆಗಳು ಮೇಜಿನ ಮೇಲೇ ಇರುತ್ತವೆ.

ಅನು


(ಪೋಸ್ಟ್ ಕಾರ್ಡು)

ದಂಡಿನಶಿವರ
18-6-2004

ಅನು,

ನುಂಗಿದೆ. ನೀನೂ ನುಂಗು.

ಅಪ್ಪ